ಜೆಲ್, ಬಾಳೆಹಣ್ಣು, ಸಕ್ಕರೆ ನೀರು: ಲಾಂಗ್ ರನ್‌ಗೆ ನಾನು ಉಳಿಸಿಕೊಂಡಿದ್ದು

ಮೂರು ತಿಂಗಳು ವಾರಕ್ಕೊಂದು ಲಾಂಗ್ ರನ್‌ನಲ್ಲಿ ಈ ಮೂರನ್ನೂ ಬದಲಾಯಿಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಒಗ್ಗಿದ್ದು ಸಕ್ಕರೆ ನೀರು. ಜೆಲ್ ಅಂದರೆ ಓಡುತ್ತಾ ಬಾಯಿಗೆ ಹಿಂಡಿಕೊಳ್ಳುವ ಗಟ್ಟಿ ಸಕ್ಕರೆ ಪಾಕದ ಪೊಟ್ಟಣ. ಒಂದು ಡಬ್ಬಿ ಕೊಂಡಿದ್ದೆ, ಅರ್ಧ ಹಾಗೇ ಉಳಿದಿದೆ.

ದಾರಿಯಲ್ಲಿ ಏನಾದರೂ ತಿನ್ನಲೇಬೇಕಾ? ಒಂದು ಗಂಟೆಯ ಓಟಕ್ಕೆ ಬೇಡ. ಅದಕ್ಕಿಂತ ಜಾಸ್ತಿ ಓಡುವುದಾದರೆ ಲೆಕ್ಕ ಬೇರೆ. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ 100 ಗ್ರಾಂ ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟುಕೊಂಡ ಸಕ್ಕರೆ, ಇರುತ್ತದೆ. ಎಲ್ಲ ಸೇರಿ 2000 ಕ್ಯಾಲೊರಿ. 70 ಕೆಜಿ ತೂಗುವವರಿಗೆ ಒಂದು ಕಿಲೋಮೀಟರ್‌ಗೆ ಹತ್ತಿರ ಹತ್ತಿರ 70 ಕ್ಯಾಲೊರಿ ಬೇಕು. ಕೊಬ್ಬು ಬೇಕಾದಷ್ಟಿದೆ, ಆದರೆ ಅದು ನಿಧಾನವಾಗಿ ಉರಿಯುತ್ತದೆ, ವೇಗದ ಓಟಕ್ಕೆ ಅದೊಂದೇ ಸಾಲದು. 30 ಕಿಲೋಮೀಟರ್ ಆಸುಪಾಸಿನಲ್ಲಿ ಕಾಲು ಕಲ್ಲಾಗುವುದು ಇದಕ್ಕೇ.

ಈಗ ಜೆಲ್ ವಿಷಯ. 24ನೇ ಕಿಲೋಮೀಟರ್‌ನಲ್ಲಿ ಒಂದು ಹರಿದು ಬಾಯಿಗೆ ಹಿಂಡಿಕೊಂಡೆ. ಕೈಯಲ್ಲಿ ನೀರಿಲ್ಲ. ಹತ್ತು ನಿಮಿಷಕ್ಕೆ ಹೊಟ್ಟೆ ಗುಡುಗುಡು ಅಂದಿತು, ಆಮೇಲೆ ಎಡಪಕ್ಕೆಯಲ್ಲಿ ಹಿಂಡಿದ ಹಾಗೆ ನೋವು. ಎರಡು ಕಿಲೋಮೀಟರ್ ನಡೆದೇ ಹೋದೆ.

ಅಷ್ಟು ಚಿಕ್ಕ ಪೊಟ್ಟಣದಲ್ಲಿ 25 ಗ್ರಾಂ ಸಕ್ಕರೆ ಅಂಶ ಇರುತ್ತದೆ. ನೀರು ಕುಡಿಯದಿದ್ದರೆ ಅದನ್ನು ತೆಳು ಮಾಡಲು ಕರುಳು ಮೈಯಲ್ಲಿರುವ ನೀರನ್ನೇ ಎಳೆದುಕೊಳ್ಳುತ್ತದೆ. ಮುಂದಿನ ವಾರ ಎರಡು ಗುಟುಕು ನೀರು ಕುಡಿದು ನೋಡಿದೆ, ಸಾಲಲಿಲ್ಲ. ಒಂದು ಲೋಟ ಕುಡಿದ ವಾರ ಹೊಟ್ಟೆ ಸುಮ್ಮನಿತ್ತು. ಹೇಗಿದ್ದರೂ ನೀರು ಹೊರಬೇಕು ಅಂದಮೇಲೆ ಸಕ್ಕರೆಯನ್ನು ಅದರಲ್ಲೇ ಕರಗಿಸಬಹುದು, ಅಲ್ವಾ?

ಬಾಳೆಹಣ್ಣು ಸೈಕಲ್ ಮೇಲೆ ಚೆನ್ನ. ಓಡುತ್ತಾ ಅಗಿಯಲು ಹೋದರೆ ಉಸಿರು ತಪ್ಪುತ್ತದೆ.

ನನ್ನ ಬಾಟಲಿಯಲ್ಲಿ 750 ಮಿಲಿ ನೀರು, 60 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು. ಅದು ಒಂದು ಗಂಟೆಗೆ. ಬರೀ ಗ್ಲೂಕೋಸ್ ಆದರೆ ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಮಾಮೂಲಿ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸ್ ಒಳಗೆ ಹೋಗುವ ಬಾಗಿಲೇ ಬೇರೆ, ಹಾಗಾಗಿ ನೂಕುನುಗ್ಗಲು ಕಡಿಮೆ. ಗ್ಲೂಕೋಸ್ ಒಳಗೆ ಹೋಗುವುದು ಉಪ್ಪಿನ ಸೋಡಿಯಂ ಜೊತೆಗೇ.

ತೊಂದರೆ ಇಲ್ಲ ಅಂತಲ್ಲ. ಬಾಟಲಿ ಭಾರ, ಮುಚ್ಚಳ ಅಂಟಂಟು, ಅವತ್ತೇ ತೊಳೆಯದಿದ್ದರೆ ವಾಸನೆ. ಆದರೆ ನಾನು ಒಂದೇ ದಾರಿಯಲ್ಲಿ ಸುತ್ತು ಹೊಡೆಯುವವಳು, ಎರಡನೇ ಬಾಟಲಿಯನ್ನು ಒಂದು ಕಡೆ ಇಟ್ಟು ಓಡುತ್ತೇನೆ. ವಾರವಾರ ಜೆಲ್‌ಗೆ ದುಡ್ಡು ಸುರಿಯಲು ನನಗೆ ಆಗುವುದಿಲ್ಲ. ಬಾಟಲಿ ಹಿಡಿಯಲು ಇಷ್ಟವಿಲ್ಲದವರು, ದಾರಿಯುದ್ದಕ್ಕೂ ನೀರು ಸಿಗುವ ರೇಸ್ ಓಡುವವರು ಜೆಲ್ಲೇ ತೆಗೆದುಕೊಳ್ಳಿ. ಉಳಿದ ಜೆಲ್‌ಗಳನ್ನು ನಾನೂ ರೇಸ್‌ಗೇ ಇಟ್ಟಿದ್ದೇನೆ. ನೀರಿನ ಮೇಜು ಕಣ್ಣಿಗೆ ಬಿದ್ದ ಮೇಲೆಯೇ ಪೊಟ್ಟಣ ಹರಿಯುವುದು.