ಮಾತು ಒಳ್ಳೆಯದು, ಪ್ರೊಜೆಕ್ಟರ್ ಬದಲಿಸಿ: ಕಲಾ ಸಂಘದ ಒಂದು ವರ್ಷದ ಉಪನ್ಯಾಸಗಳು

ನಮ್ಮ ಕಲಾ ಸಂಘದ ವಾರ್ಷಿಕ ಉಪನ್ಯಾಸ ಮಾಲೆಗೆ ಸದಸ್ಯರಾಗಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ: ಆಗಿ. ಆದರೆ ಪಟ್ಟಿಯಲ್ಲಿನ ಶೀರ್ಷಿಕೆ ನೋಡಿ ಯಾವುದಕ್ಕೆ ಹೋಗುವುದು, ಯಾವುದನ್ನು ಬಿಡುವುದು ಎಂದು ತೀರ್ಮಾನಿಸಬೇಡಿ. ಒಳ್ಳೆಯ ಮಾತುಗಾರರನ್ನು ಹುಡುಕುವ ಕಣ್ಣು ಈ ಸಂಘದವರಿಗಿದೆ, ಅವರ ಮಾತಿಗೆ ಹೆಸರಿಡುವ ಕೈ ಇಲ್ಲ. ವರ್ಷದ ಅತ್ಯುತ್ತಮ ಸಂಜೆಗೆ ಇವರು ಕೊಟ್ಟಿದ್ದ ಹೆಸರು ‘ವರ್ಣದ್ರವ್ಯಗಳ ಸ್ಥಿರತೆ: ಕೆಲವು ಟಿಪ್ಪಣಿಗಳು’. ಇಂಥ ಹೆಸರಿಗೆ ಯಾರು ಬರುತ್ತಾರೆ? ಅರ್ಧ ಸಭಾಂಗಣ ಖಾಲಿ ಇತ್ತು.

ವ್ಯವಸ್ಥೆ ಸರಳ. ತಿಂಗಳಿಗೊಂದು ಸಂಜೆ, ಒಂದು ಗಂಟೆ ಮಾತು, ಆಮೇಲೆ ಪ್ರಶ್ನೆಗಳು. ನಾನು ಆಫ್‌ಸೆಟ್ ಮುದ್ರಣದಲ್ಲಿ ದುಡಿದು ನಿವೃತ್ತನಾದವನು. ಕಲಾ ಇತಿಹಾಸವನ್ನು ಕ್ರಮವಾಗಿ ಓದಿದವನಲ್ಲ. ಹಾಗಾಗಿ ನನ್ನ ಅಳತೆಗೋಲು ಒಂದೇ: ಮನೆಯಲ್ಲಿ ಕೂತು ಫೋನಿನಲ್ಲಿ ಆ ಚಿತ್ರ ನೋಡಿದ್ದರೆ ಸಿಗದಿದ್ದ ಏನನ್ನು ಈ ಮಾತುಗಾರರು ಕೊಟ್ಟರು? ಚಿತ್ರದ ಗಾತ್ರವೆಷ್ಟು, ಯಾವುದರ ಮೇಲೆ ಬರೆದದ್ದು, ಹೇಗೆ ಮಾಡಿದ್ದು, ಕಾಲ ಅದಕ್ಕೆ ಏನು ಮಾಡಿದೆ ಎಂಬುದನ್ನು ಹೇಳಿದವರೆಲ್ಲ ನನ್ನ ಲೆಕ್ಕದಲ್ಲಿ ಪಾಸು. ‘ಅಮರ ಕಲಾವಿದ’, ‘ಅದ್ಭುತ ರಸಾನುಭವ’ ಎಂದಷ್ಟೇ ಹೇಳಿ ಇಳಿದವರಿಗೆ ಚಪ್ಪಾಳೆ ಮಾತ್ರ.

ಜಪಾನಿನ ಕಲಾವಿದ ಹೊಕುಸಾಯಿಯ ಅಲೆ ಎಂಬ ಮರದಚ್ಚಿನ ಚಿತ್ರದ ಬಗ್ಗೆ ಮಾತಾಡಿದವರು ಬರುವಾಗಲೇ ಒಂದು ಚೀಲ ತಂದಿದ್ದರು. ಅದರಲ್ಲಿ ಕೊರೆದ ಮರದ ಹಲಗೆಗಳು. ಮಾತು ಶುರುವಾಗುವ ಮೊದಲೇ ಅವು ಸಾಲಿನಿಂದ ಸಾಲಿಗೆ ಕೈ ಬದಲಾಯಿಸುತ್ತ ಬಂದವು. ಗೋಡೆ ತುಂಬ ಅಲೆ ತೋರಿಸಿ, ಮೂಲ ಚಿತ್ರ ಉದ್ದದಲ್ಲಿ ಮೂವತ್ತೇಳು ಸೆಂಟಿಮೀಟರ್ ಆಸುಪಾಸು, ಎತ್ತರದಲ್ಲಿ ಇಪ್ಪತ್ತೈದು ಎಂದಾಗ ಸಭೆ ‘ಅಷ್ಟೇನಾ?’ ಎಂದಿತು. ಅಷ್ಟೇ. ಮಡಿಲಲ್ಲಿಟ್ಟು ನೋಡುವ ಹಾಳೆ ಅದು. 1831ರ ಸುಮಾರಿಗೆ ಅಚ್ಚಾದಾಗ ಹೊಕುಸಾಯಿಗೆ ವಯಸ್ಸು ಎಪ್ಪತ್ತು ದಾಟಿತ್ತು. ಆ ಮಾಲಿಕೆಯ ಹೆಸರು ಫೂಜಿ ಪರ್ವತದ ಮೂವತ್ತಾರು ನೋಟಗಳು, ಆದರೆ ಇರುವುದು ನಲವತ್ತಾರು ಚಿತ್ರ. ಮಾರಾಟ ಚೆನ್ನಾಗಿ ನಡೆದದ್ದರಿಂದ ಪ್ರಕಾಶಕ ಇನ್ನೂ ಹತ್ತು ಮಾಡಿಸಿದ. ಪ್ರಕಾಶಕರ ಬುದ್ಧಿ ಎಲ್ಲ ಕಾಲದಲ್ಲೂ ಒಂದೇ.

ನನಗೆ ಖುಷಿಯಾದದ್ದು ಮುಂದಿನ ಮಾತು. ಬರೆಯುವವನು ಒಬ್ಬ, ಕೊರೆಯುವವನು ಇನ್ನೊಬ್ಬ, ಅಚ್ಚು ಹಾಕುವವನು ಮತ್ತೊಬ್ಬ. ಕಲಾವಿದ ಬರೆದ ಹಾಳೆಯನ್ನು ಹಲಗೆಗೆ ಮುಖ ಕೆಳಗಾಗಿ ಅಂಟಿಸಿ ಅದರ ಮೇಲೆಯೇ ಕೊರೆಯುತ್ತಿದ್ದರಂತೆ, ಅಂದರೆ ಅವನು ಕೈಯಾರೆ ಬರೆದ ಹಾಳೆ ಕೆಲಸದಲ್ಲೇ ನಾಶ. ಪ್ರತಿ ಹಲಗೆಯಲ್ಲೂ ಮೂಲೆಗೊಂದು ಲಂಬಕೋನದ ಕಚ್ಚು, ಅಂಚಿಗೊಂದು ನೇರ ಕಚ್ಚು. ಅದಕ್ಕೆ ಕೆಂಟೊ ಎನ್ನುತ್ತಾರೆ. ಕಾಗದವನ್ನು ಅವೆರಡಕ್ಕೂ ತಾಗಿಸಿ ಕೂರಿಸಿದರೆ ಬಣ್ಣದ ಮೇಲೆ ಬಣ್ಣ ಸರಿಯಾಗಿ ಬೀಳುತ್ತದೆ. ನಾವು ಜೀವನವಿಡೀ ‘ರಿಜಿಸ್ಟರ್ ಕೂತಿಲ್ಲ’ ಎಂದು ಬೈಸಿಕೊಂಡದ್ದು ಇದಕ್ಕೇ. ಹಸಿ ಕಾಗದ ಹಿಗ್ಗಿದರೆ ಏನು ಮಾಡುತ್ತಿದ್ದರು ಎಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, “ಸರ್, ನೀವು ಪ್ರೆಸ್ಸಿನವರಾ?” ಎಂದರು. ಪ್ರಶ್ನೋತ್ತರ ಮುಗಿದ ಮೇಲೂ ಬಾಗಿಲ ಹತ್ತಿರ ಮಾತು ಮುಂದುವರಿಯಿತು, ಕಾವಲುಗಾರ ದೀಪ ಆರಿಸುವವರೆಗೆ.

ಅಲೆಯ ಆ ನೀಲಿಯೂ ಜಪಾನಿನದ್ದಲ್ಲ. ಪ್ರಷ್ಯನ್ ನೀಲಿ, ಹದಿನೆಂಟನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಒಬ್ಬ ಬಣ್ಣಗಾರ ಕೆಂಪು ಮಾಡಲು ಹೊರಟಾಗ ಹುಟ್ಟಿದ್ದು. ಬಳಸಿದ ಕ್ಷಾರದಲ್ಲಿ ಪ್ರಾಣಿಯ ರಕ್ತದ ಅಂಶ ಬೆರೆತಿದ್ದರಿಂದ ಪಾತ್ರೆಯಲ್ಲಿ ನೀಲಿ ಎದ್ದಿತು. ಈ ಕಥೆ ಹೇಳುವಾಗಲೇ ನಮ್ಮ ಸಂಘದ ಪ್ರೊಜೆಕ್ಟರ್ ಆ ನೀಲಿಯನ್ನು ನೇರಳೆ ಮಾಡಿ ತೋರಿಸುತ್ತಿತ್ತು. ಅದರ ಬಗ್ಗೆ ಆಮೇಲೆ.

ಇನ್ನು ಆ ‘ಟಿಪ್ಪಣಿಗಳ’ ಸಂಜೆ. ಹಳೆಯ ಚಿತ್ರಗಳ ಸಂರಕ್ಷಣೆಯ ಕೆಲಸ ಮಾಡುವ ಹೆಂಗಸೊಬ್ಬರು ಮಾತಾಡಿದರು. ದನಿ ಮೆಲ್ಲಗೆ, ಮೈಕು ಅವರಿಂದ ದೂರ. ಆದರೂ ಒಂದು ಮಾತನ್ನೂ ಬಿಡಲಾಗಲಿಲ್ಲ. ಡಚ್ ಚಿತ್ರಕಾರ ವ್ಯಾನ್ ಗೋ 1888ರಲ್ಲಿ ಬರೆದ ತನ್ನ ಮಲಗುವ ಕೋಣೆಯ ಚಿತ್ರವನ್ನು ನಾವೆಲ್ಲ ನೀಲಿ ಗೋಡೆಯದ್ದೆಂದೇ ಬಲ್ಲೆವು. ಅವನೇ ತಮ್ಮನಿಗೆ ಬರೆದ ಪತ್ರದಲ್ಲಿ ಗೋಡೆ ತಿಳಿ ನೇರಳೆ ಎಂದಿದ್ದಾನೆ. ಬೆರೆಸಿದ್ದ ಕೆಂಪು ಬೆಳಕಿಗೆ ಹಾರಿಹೋಗಿ ನೀಲಿ ಮಾತ್ರ ಉಳಿದಿದೆ. ಬಿಸಿಲಿಗೆ ಬಿದ್ದ ಪೋಸ್ಟರ್ ನೋಡಿ: ಮೆಜೆಂಟಾ, ಹಳದಿ ಮೊದಲು ಹೋಗುತ್ತವೆ, ಮುಖಗಳೆಲ್ಲ ನೀಲಿಗಟ್ಟುತ್ತವೆ. ಗ್ರಾಹಕರು ಬಂದು ‘ನಿಮ್ಮ ಶಾಯಿ ಕಳಪೆ’ ಎನ್ನುತ್ತಿದ್ದರು. ವ್ಯಾನ್ ಗೋಗೂ ಅದೇ ಗತಿ ಎಂದು ಆಗ ಗೊತ್ತಿದ್ದರೆ ಉತ್ತರ ಕೊಡುತ್ತಿದ್ದೆ.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಮಾಸಿದ ಚಿತ್ರವನ್ನು ಮತ್ತೆ ಬಣ್ಣ ಹಚ್ಚಿ ‘ಸರಿ’ ಮಾಡಬೇಕೇ ಎಂಬ ಪ್ರಶ್ನೆ ಎತ್ತಿದರು. ಮೈಕೆಲೆಂಜೆಲೊ ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯದ ಛಾವಣಿಯನ್ನು 1508ರಿಂದ 1512ರವರೆಗೆ ಬರೆದ. 1980ರ ದಶಕದಲ್ಲಿ ಮಸಿ, ಅಂಟು ತೊಳೆದಾಗ ಹೊರಬಂದ ಗುಲಾಬಿ, ಹಸಿರು ನೋಡಿ ಹಲವು ವಿದ್ವಾಂಸರೇ ಸಿಟ್ಟಾದರು. ಕೆಲವರು ಕೊಳೆ ಹೋಯಿತೆಂದರು, ಕೆಲವರು ಗಾರೆ ಒಣಗಿದ ಮೇಲೆ ಕಲಾವಿದನೇ ಹಚ್ಚಿದ್ದ ನೆರಳೂ ಜೊತೆಗೆ ಹೋಯಿತೆಂದರು. ನಿಮ್ಮ ಅಭಿಪ್ರಾಯವೇನು ಎಂದು ಯಾರೋ ಕೇಳಿದಾಗ ಆಕೆ, “ನಾನಾಗಿದ್ದರೆ ಇನ್ನೂ ನಿಧಾನ ಮಾಡುತ್ತಿದ್ದೆ” ಎಂದಷ್ಟೇ ಹೇಳಿದರು.

ಡಚ್ ಚಿತ್ರಕಾರ ರೆಂಬ್ರಾಂಟನ ‘ರಾತ್ರಿ ಪಹರೆ’ಯ ಕಥೆ ಕತ್ತರಿ ಹಾಕುವವರ ಕಥೆ. ನಗರದ ಕಾವಲು ಪಡೆಯ 1642ರ ಆ ದೊಡ್ಡ ಚಿತ್ರವನ್ನು 1715ರಲ್ಲಿ ಆಮ್ಸ್ಟರ್ಡಾಮಿನ ಪುರಭವನಕ್ಕೆ ಸಾಗಿಸಿದಾಗ ಗೋಡೆಗೆ ಹಿಡಿಸಲಿಲ್ಲ. ನಾಲ್ಕೂ ಕಡೆ ಕತ್ತರಿಸಿದರು, ಎಡಗಡೆ ಅತಿ ಹೆಚ್ಚು. ತುಂಡುಗಳು ಮತ್ತೆ ಸಿಗಲೇ ಇಲ್ಲ. ಅದಕ್ಕೂ ಮೊದಲು ಮಾಡಿದ್ದ ಒಂದು ಚಿಕ್ಕ ನಕಲು ಉಳಿದಿತ್ತು. ಅದರ ಆಧಾರದಲ್ಲಿ 2021ರಲ್ಲಿ ಕಂಪ್ಯೂಟರಿನಿಂದ ಅಂಚುಗಳನ್ನು ರಚಿಸಿ ಸ್ವಲ್ಪ ಕಾಲ ಮೂಲದ ಪಕ್ಕ ಜೋಡಿಸಿದರು. ಮುಂಚೂಣಿಯ ಇಬ್ಬರು ನಡುವಿನಿಂದ ಬಲಕ್ಕೆ ಸರಿದದ್ದೇ ತಡ, ಗುಂಪು ಹೊರಟು ನಡೆಯತೊಡಗಿದಂತೆ ಕಂಡಿತು. ನಾಲ್ಕು ಅಂಚು ಇಷ್ಟು ಮಾಡಬಲ್ಲವು ಎಂಬುದನ್ನು ಕಟಿಂಗ್ ಮಷೀನಿನ ಮುಂದೆ ನಿಂತ ಯಾರೂ ಒಪ್ಪುತ್ತಾರೆ. ಅಂದಹಾಗೆ ಅದು ರಾತ್ರಿಯ ಚಿತ್ರವೂ ಅಲ್ಲ, ವಾರ್ನಿಷ್ ಕಪ್ಪಾಗಿ ರಾತ್ರಿಯಾದದ್ದು.

ಮೊಘಲ್ ಚಿತ್ರಗಳ ಸಂಜೆಗೆ ಬಂದಿದ್ದ ಯುವಕ ಎಲ್ಲರಿಗೂ ಒಂದೊಂದು ಭೂತಗನ್ನಡಿ ಹಂಚಿದ. ಒಂದೇ ಚಿತ್ರ: 1621ರಲ್ಲಿ ಆಸ್ಥಾನದ ಚಿತ್ರಕಾರ ಮನ್ಸೂರ್ ಬರೆದ ಜೀಬ್ರಾ. ಜಹಾಂಗೀರನಿಗೆ ಆ ಪ್ರಾಣಿ ಬಂದಾಗ ಯಾರೋ ಪಟ್ಟೆ ಬಳಿದಿರಬೇಕೆಂದು ಅನುಮಾನ ಬಂದು ಪರೀಕ್ಷಿಸಿದನೆಂದು ಅವನ ನೆನಪಿನ ಬರಹದಲ್ಲೇ ಇದೆ. ಒಂದು ಗಂಟೆ ಒಂದೇ ಚಿತ್ರ, ಯಾರೂ ಕದಲಲಿಲ್ಲ. ಮಾತಿನ ಕೊನೆಯಲ್ಲಿ ಭೂತಗನ್ನಡಿ ವಾಪಸು ಕೇಳಿದ್ದು ಮಾತ್ರ ಬೇಸರ.

ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವರ್ಮೀರನ ಹೆಸರಿನ ನಕಲಿ ಚಿತ್ರಗಳ ಸಂಜೆಗೆ ಜನ ಕಿಕ್ಕಿರಿದಿದ್ದರು. ಮೋಸದ ಕಥೆಗೆ ಎಂದಿಗೂ ಹಾಗೆಯೇ. ಅವನ್ನು ಮಾಡಿದ ವಾನ್ ಮೇಗರೆನ್ ಹೊಸ ಬಣ್ಣ ಹಳೆಯದರಂತೆ ಬೇಗ ಗಟ್ಟಿಯಾಗಲೆಂದು ಬೇಕಲೈಟ್ ಎಂಬ ಪ್ಲಾಸ್ಟಿಕ್ಕಿನ ರಾಳ ಬೆರೆಸುತ್ತಿದ್ದ ಎಂಬ ಒಂದು ವಿಷಯವನ್ನು ಬಿಟ್ಟರೆ ಉಳಿದದ್ದೆಲ್ಲ ಅವನ ಕೋರ್ಟು ವಿಚಾರಣೆಯ ರಂಜನೆ.

ವರ್ಷದ ಕಳಪೆ ಉಪನ್ಯಾಸ ಯಾವುದೆಂದರೆ ಅತ್ಯಂತ ಆಕರ್ಷಕ ಹೆಸರಿನದ್ದೇ: ‘ಗುಹೆಯಿಂದ ಗ್ಯಾಲರಿಗೆ’. ಮೂವತ್ತು ಸಾವಿರ ವರ್ಷ, ಒಂದು ಗಂಟೆ. ಸ್ಲೈಡುಗಳು ಓಡಿದವು, ಅವುಗಳ ಮೇಲಿನ ಬರಹವನ್ನೇ ಮಾತುಗಾರರು ಓದಿದರು. ಯಾವ ಚಿತ್ರದ ಗಾತ್ರವನ್ನೂ ಹೇಳಲಿಲ್ಲ. ಗುಹೆಯ ಗೋಡೆಯ ಕಾಡೆಮ್ಮೆಯೂ ಅಂಗೈಯಗಲದ ಕಿರುಚಿತ್ರವೂ ಪರದೆಯ ಮೇಲೆ ಒಂದೇ ಅಳತೆ. ನನ್ನ ಪಕ್ಕದವರು ನಿದ್ದೆ ಹೋದರು, ಎಬ್ಬಿಸುವ ಕಾರಣ ಕಾಣಲಿಲ್ಲ.

ಈಗ ಪ್ರೊಜೆಕ್ಟರ್. ಬಿಳಿಯೇ ಬಣ್ಣ ತಿರುಗಿರುವ ಯಂತ್ರದಲ್ಲಿ ಬಣ್ಣದ ಬಗ್ಗೆ ಉಪನ್ಯಾಸ ಏರ್ಪಡಿಸುವುದು, ಶ್ರುತಿ ಕೆಟ್ಟ ತಂಬೂರಿ ಇಟ್ಟುಕೊಂಡು ಕಛೇರಿ ನಡೆಸಿದಂತೆ. ಹೊಸದು ಕೊಳ್ಳಲು ಹಣವಿಲ್ಲದಿದ್ದರೆ ಇರುವುದರ ಸೆಟ್ಟಿಂಗನ್ನಾದರೂ ಸರಿಪಡಿಸಲಿ, ಮುಂದಿನ ಸಾಲಿನ ದೀಪ ಆರಿಸಲಿ. ಸ್ಲೈಡಿನ ಮೂಲೆಯಲ್ಲಿ ಪ್ರತಿ ಚಿತ್ರದ ಅಳತೆ ಹಾಕುವಂತೆ ಬರುವವರಿಗೆ ಮೊದಲೇ ಹೇಳಲಿ, ಅದಕ್ಕೇನೂ ಖರ್ಚಿಲ್ಲ. ಪ್ರಶ್ನೆ ಕೇಳುವವರ ಕೈಗೂ ಮೈಕು ಕೊಡಬೇಕು. ಹಿಂದೆ ಕೂತವರಿಗೆ ಪ್ರಶ್ನೆ ಕೇಳಿಸದೆ ಉತ್ತರ ಮಾತ್ರ ಕೇಳಿಸುತ್ತದೆ. ಪ್ರಶ್ನೆಯ ಹೆಸರಿನಲ್ಲಿ ತಮ್ಮ ಪ್ರವಾಸ ಕಥನ ಹೇಳುವ ಹಿರಿಯ ಸದಸ್ಯರನ್ನು ಅಧ್ಯಕ್ಷರು ಸ್ವಲ್ಪ ಗಟ್ಟಿ ಮನಸ್ಸು ಮಾಡಿ ತಡೆಯಬೇಕು, ಅಧ್ಯಕ್ಷರೇ ಆ ಹಿರಿಯ ಸದಸ್ಯರಾಗಿಲ್ಲದಿದ್ದರೆ.

ಸಂಘದ ಪರವಾಗಿ ಹೇಳಬೇಕಾದದ್ದೂ ಇದೆ. ಸಮಯಕ್ಕೆ ಸರಿಯಾಗಿ ಶುರುಮಾಡುತ್ತಾರೆ. ಸನ್ಮಾನ, ಹಾರ, ಸ್ವಾಗತ ಭಾಷಣದ ಉಪದ್ರವ ಇಲ್ಲ; ಕಾರ್ಯದರ್ಶಿಯವರು ಎರಡು ವಾಕ್ಯ ಹೇಳಿ ಕೂರುತ್ತಾರೆ. ಸದಸ್ಯರಲ್ಲದವರನ್ನು ಒಮ್ಮೆ ಜೊತೆಗೆ ಕರೆತರಲು ಬಿಡುತ್ತಾರೆ. ಹೊಸಬರು ಬರುವುದಾದರೆ ಒಂದೇ ಚಿತ್ರದ, ಒಂದೇ ಬಣ್ಣದ, ಒಂದೇ ವಸ್ತುವಿನ ಬಗೆಗಿನ ಸಂಜೆಗೆ ಬರಲಿ. ಶೀರ್ಷಿಕೆಯಲ್ಲಿ ‘ಇಂದ’, ‘ವರೆಗೆ’ ಇದ್ದರೆ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬಹುದು.

ಬರುವ ವರ್ಷದ ಪಟ್ಟಿ ಬಂದಿದೆ. ‘ಕಾಗದದ ನಾರು: ಒಂದು ಪರಿಚಯ’ ಎಂಬ ಒಣ ಹೆಸರಿನ ಉಪನ್ಯಾಸ ಎರಡನೇ ತಿಂಗಳಲ್ಲಿದೆ. ನಾನು ನವೀಕರಣದ ಅರ್ಜಿ ತುಂಬಿ ಕೊಟ್ಟಾಯಿತು. ಅದರ ಹಿಂದಿನ ‘ಸಲಹೆಗಳು’ ಜಾಗ ಪ್ರೊಜೆಕ್ಟರಿಗೇ ಭರ್ತಿಯಾಯಿತು.