ಏರ್‌ಗನ್‌ಗೆ ಭಾರದ ಪೆಲೆಟ್ ಬೇಕಾ? 8.44 ಮತ್ತು 10.34 ಗ್ರೇನ್, ನಮ್ಮ ಕಣದಲ್ಲಿ

ಮೊದಲೇ ಹೇಳಿಬಿಡುತ್ತೇನೆ. ನನ್ನ ಸ್ಪ್ರಿಂಗ್ ಏರ್‌ಗನ್‌ಗೆ 8.44 ಗ್ರೇನ್ ತೂಕದ ಪೆಲೆಟ್ಟೇ, ಅಂದರೆ ಸೀಸದ ಪುಟ್ಟ ಗುಂಡೇ, ಸರಿ. 10.34 ಗ್ರೇನಿನ ಭಾರದ ಡಬ್ಬಿಯೊಂದನ್ನು ಆಸೆಪಟ್ಟು ತರಿಸಿ, ಮೂರು ವಾರ ಸಂಜೆ ಹೊತ್ತು ಹೊಡೆದು ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಆಸೆ ಹುಟ್ಟಿಸಿದ್ದು ಹಾಸನದ ಗೆಳೆಯರೊಬ್ಬರು. "ನೋಡಿ, ಭಾರ ಇದ್ರೆ ಗಾಳಿಗೆ ಅಲುಗಲ್ಲ, ದೂರಕ್ಕೂ ನೆಟ್ಟಗೆ ಹೋಗುತ್ತೆ" ಎಂದಿದ್ದರು. ಮೂಡಿಗೆರೆ ಕಡೆ ನಮ್ಮ ಕಣದಲ್ಲಿ ಸಂಜೆಯಾದರೆ ಗಾಳಿ ಸುಮ್ನೆ ಇರುವುದಿಲ್ಲ. ಹಾಗಾಗಿ ಆ ಮಾತು ಮನಸ್ಸಿಗೆ ಹಿಡಿಸಿತು.

ನನ್ನದು ನಳಿಗೆ ಮಡಚಿ ಲೋಡ್ ಮಾಡುವ .177 ಗನ್. 2016ರ ಆಯುಧ ನಿಯಮಗಳಲ್ಲಿ ಬೋರ್, ಅಂದರೆ ನಳಿಗೆಯ ಒಳ ಅಗಲ, .177 ಇಂಚು ಮೀರದೆ, ಶಕ್ತಿ 20 ಜೂಲ್ ಮೀರದೆ ಇದ್ದರೆ ಲೈಸೆನ್ಸ್ ಬೇಕಿಲ್ಲ. ಅಪ್ಪನ ತೋಟಾ ಕೋವಿ ಬೇರೆ ಇದೆ. ಆದರೆ ಅದರಲ್ಲಿ ದಿನಾ ಗುರಿ ಕಲಿಯುವಷ್ಟು ತೋಟಾ ಯಾರು ತರುತ್ತಾರೆ? ಚುನಾವಣೆ ಬಂದರೆ ಅದು ಠಾಣೆಗೂ ಹೋಗುತ್ತದೆ. ಏರ್‌ಗನ್ ಕೈಯಲ್ಲಿ ನೋಡಿದವರೆಲ್ಲ "ಮಂಗ ಓಡಿಸೋಕಾ?" ಎಂದು ಕೇಳುತ್ತಾರೆ. ಅಲ್ಲ. ನಾನು ಹೊಡೆಯುವುದು ಪೇಪರಿಗೆ ಮಾತ್ರ. 1972ರ ವನ್ಯಜೀವಿ ಕಾಯ್ದೆ ಇರುವುದು ಒಂದು ಕಾರಣ. ಅದಿಲ್ಲದಿದ್ದರೂ ಪ್ರಾಣಿ, ಹಕ್ಕಿಯ ಮೇಲೆ ನನ್ನ ಕೈ ಏಳುವುದಿಲ್ಲ.

ಕಾಫಿ ಒಣಗಿಸಿ ಚೀಲ ಕಟ್ಟಿದ ಮೇಲೆ, ಹೂಮಳೆ ಬೀಳುವ ಮುಂಚೆ, ಕಣ ಖಾಲಿ ಇರುವ ಕೆಲವು ವಾರ ಸಿಗುತ್ತವೆ. ಈ ಪರೀಕ್ಷೆ ಆಗಿದ್ದು ಆಗಲೇ. ಕಣದ ಆ ತುದಿಗೆ 35 ಮೀಟರ್. ಅದರ ಹಿಂದೆ ಎತ್ತರದ ದರೆ, ದರೆಯ ಮುಂದೆ ಮರಳು ತುಂಬಿದ ಗೋಣಿಚೀಲ. ಕಣ್ಣಿಗೆ ಕನ್ನಡಕ. ಆ ಹೊತ್ತಿಗೆ ಕಣದ ಕಡೆ ಯಾರೂ ಬರಬಾರದೆಂದು ಮನೆಯಲ್ಲಿ ಹೇಳಿಯೇ ಶುರು ಮಾಡುವುದು.

ಗ್ರೇನ್ ಲೆಕ್ಕ ಗೊತ್ತಿಲ್ಲದವರಿಗೆ: ಒಂದು ಗ್ರೇನ್ ಎಂದರೆ ಹೆಚ್ಚುಕಡಿಮೆ 65 ಮಿಲಿಗ್ರಾಂ. 8.44 ಎಂದರೆ ಅರ್ಧ ಗ್ರಾಂ ಮೇಲೆ ಚೂರು. 10.34 ಎಂದರೆ 0.67 ಗ್ರಾಂ. ಕೈಯಲ್ಲಿ ಹಿಡಿದರೆ ವ್ಯತ್ಯಾಸವೇ ತಿಳಿಯುವುದಿಲ್ಲ. ಗನ್‌ಗೆ ಚೆನ್ನಾಗಿ ತಿಳಿಯುತ್ತದೆ.

ಗೆಳೆಯರ ಹತ್ತಿರ ವೇಗ ಅಳೆಯುವ ಯಂತ್ರ ಇತ್ತು. ನನ್ನ ಗನ್‌ನಲ್ಲಿ 8.44ರ ಪೆಲೆಟ್ ಸೆಕೆಂಡಿಗೆ ಸುಮಾರು 240 ಮೀಟರ್ ಓಡಿತು. 10.34 ಓಡಿದ್ದು 205ರ ಹತ್ತಿರ. ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 15.7 ಜೂಲ್, ಎರಡನೆಯದಕ್ಕೆ 14. ಅಂದರೆ ಭಾರ ಜಾಸ್ತಿ ಮಾಡಿದೆ, ಶಕ್ತಿ ಕಡಿಮೆಯಾಯಿತು. ಸ್ಪ್ರಿಂಗ್ ಗನ್‌ನಲ್ಲಿ ಇದು ಸಾಮಾನ್ಯ. ಸ್ಪ್ರಿಂಗ್ ನೂಕುವ ಪಿಸ್ಟನ್ ಒಂದೇ ಸಲ ಗಾಳಿಯನ್ನು ಒತ್ತುತ್ತದೆ. ಭಾರದ ಪೆಲೆಟ್ ಬೇಗ ಕದಲದಿದ್ದರೆ ಆ ಗಾಳಿ ಪಿಸ್ಟನ್ನನ್ನೇ ಹಿಂದಕ್ಕೆ ತಳ್ಳುತ್ತದೆ.

ಗುರಿ ನೋಡುವ ಸ್ಕೋಪನ್ನು ತಿರುಗಿಸದೆ ಹೊಡೆದಾಗ 35 ಮೀಟರಿನಲ್ಲಿ ಭಾರದ ಪೆಲೆಟ್ 4 ಸೆಂಟಿಮೀಟರ್ ಕೆಳಗೆ ಬಿತ್ತು. ಅದನ್ನು ದೂರು ಎನ್ನುವುದಿಲ್ಲ. ಸ್ಕೋಪ್ ತಿರುಗಿಸಿದರೆ ಆಯಿತು.

ನನ್ನನ್ನು ನಿಜಕ್ಕೂ ಕಾಡಿದ್ದು ಬೇರೆ. ಮೊದಲ ದಿನ ಭಾರದ ಪೆಲೆಟ್‌ನಲ್ಲಿ ಐದು ಹೊಡೆದರೆ ಮೂರು ಹತ್ತಿರ ಹತ್ತಿರ, ಎರಡು ಎಲ್ಲೋ. ಮತ್ತೆ ಐದು, ಮತ್ತೆ ಹಾಗೇ. ಉಸಿರು ಸರಿಯಿಲ್ಲ ಎಂದುಕೊಂಡೆ. ಸ್ಕೋಪಿನ ಸ್ಕ್ರೂ ಬಿಗಿ ಮಾಡಿದೆ. ನಳಿಗೆ ಒರೆಸಿದೆ. ನಾಲ್ಕನೇ ಸಂಜೆ ಗನ್ ಮಡಚಿದಾಗ ನಳಿಗೆಯ ಬುಡದ ರಬ್ಬರ್ ರಿಂಗಿನ ಮೇಲೆ ಏನೋ ಮಿನುಗಿತು. ಉಗುರಿನಲ್ಲಿ ತೆಗೆದು ನೋಡಿದರೆ ಸೀಸದ ತೆಳ್ಳನೆ ಸಿಪ್ಪೆ, ಚಂದ್ರನ ಚೂರಿನ ಹಾಗೆ.

ಪೆಲೆಟ್ಟಿನ ಹಿಂಭಾಗ ಟೊಳ್ಳು, ಲಂಗದ ಹಾಗೆ ಅಗಲ. 8.44ರದ್ದು ತೆಳು. ಹೆಬ್ಬೆರಳಲ್ಲಿ ಒತ್ತಿದರೆ ನಳಿಗೆಯೊಳಗೆ ಸರಿಯಾಗಿ ಕೂರುತ್ತದೆ. ನಾನು ಕೊಂಡ 10.34ರ ಲಂಗ ದಪ್ಪ, ಅಳತೆಯೂ ಬಿಗಿ. ಎಷ್ಟು ಒತ್ತಿದರೂ ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತಿತ್ತು. ನಳಿಗೆ ಮುಚ್ಚುವಾಗ ಆ ಅಂಚು ಕೆತ್ತಿಹೋಗುತ್ತಿತ್ತು. ಒಂದು ಕಡೆ ಅಂಚು ಹೋದ ಪೆಲೆಟ್ ನೆಟ್ಟಗೆ ಹೋಗುತ್ತದಾ? ಅದರ ಮೇಲೆ ರಬ್ಬರ್ ರಿಂಗ್ ಕೂಡ ಒಂದು ಕಡೆ ಗೀರಿತ್ತು.

ಆಮೇಲೆ ಬಾಲ್‌ಪೆನ್ನಿನ ದುಂಡನೆ ಮುಚ್ಚಳದಿಂದ ಒಂದೊಂದನ್ನೂ ಒಳಗೆ ತಳ್ಳತೊಡಗಿದೆ. ಸಿಪ್ಪೆ ನಿಂತಿತು. 35 ಮೀಟರಿನಲ್ಲಿ 7 ಸೆಂಟಿಮೀಟರ್ ಹರಡುತ್ತಿದ್ದದ್ದು ಐದೂವರೆಗೆ ಇಳಿಯಿತು. ಆದರೆ 8.44 ಅದೇ ದೂರದಲ್ಲಿ, ಬರೀ ಹೆಬ್ಬೆರಳಲ್ಲಿ ಒತ್ತಿ, 4 ಸೆಂಟಿಮೀಟರಿನೊಳಗೆ ಹಾಕುತ್ತಿತ್ತು. 50 ಪೆಲೆಟ್ ಹೊಡೆಯುವ ಸಂಜೆಯಲ್ಲಿ 50 ಸಲ ಪೆನ್ ಮುಚ್ಚಳ ಎತ್ತಿ ಇಳಿಸುವುದು ನನಗೆ ಆಗದ ಕೆಲಸ. ನಾನು ಗನ್ ಹಿಡಿಯುವುದು ದಿನದ ಕೆಲಸದ ನಂತರ, ಅರ್ಧ ಗಂಟೆ ಮನಸ್ಸು ನಿಲ್ಲಿಸಲು. ಲಯ ತಪ್ಪಿದರೆ ಆ ಸಂಜೆ ಹೋಯಿತು.

ಉಳಿದ ಒಂದೂವರೆ ಸೆಂಟಿಮೀಟರ್ ಎಲ್ಲಿಂದ ಬಂತು? ಸ್ಪ್ರಿಂಗ್ ಗನ್‌ನಲ್ಲಿ ಪೆಲೆಟ್ ನಳಿಗೆ ಬಿಡುವ ಮೊದಲೇ ಗನ್ ಅಲುಗಲು ಶುರುವಾಗಿರುತ್ತದೆ. ಭಾರದ್ದು ಒಳಗೆ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ಹಾಗಾಗಿ ಕೈ ಹಿಡಿತದ ತಪ್ಪು ಅದರಲ್ಲಿ ಹೆಚ್ಚು ಕಾಣುತ್ತದೆ ಎಂದು ನನ್ನ ಲೆಕ್ಕ. ಗಟ್ಟಿಯಾಗಿ ಹಿಡಿದರೆ ಒಂದು ಕಡೆ, ಸಡಿಲ ಬಿಟ್ಟರೆ ಇನ್ನೊಂದು ಕಡೆ.

ಗಾಳಿಯ ವಿಷಯ? ಅದಕ್ಕೇ ಅಲ್ವಾ ಕೊಂಡದ್ದು. ಕಣ್ಣಿಗೆ ಕಾಣುವಷ್ಟು ಲಾಭ ಸಿಗಲಿಲ್ಲ. ಭಾರದಿಂದ ಗಳಿಸಿದ್ದನ್ನು ನಿಧಾನದಿಂದ ಕಳೆದುಕೊಳ್ಳುತ್ತದೆ.

ಚಪ್ಪಟೆ ಮೂತಿಯ 7 ಗ್ರೇನೂ ಮನೆಯಲ್ಲಿದೆ. ಪೇಪರಿನಲ್ಲಿ ದುಂಡಗೆ ತೂತು ಮಾಡುತ್ತದೆ, 10 ಮೀಟರಿಗೆ ಅದೇ ಚೆಂದ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಆ 10 ಮೀಟರಿನಲ್ಲೇ. ಅಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. 35 ಮೀಟರಿಗೆ ಮಾತ್ರ ಅದು ಬೇಡ.

500ರ ಡಬ್ಬಿಗೆ ಭಾರದ್ದಕ್ಕೆ ನಾನು ಮುನ್ನೂರು ರೂಪಾಯಿ ಜಾಸ್ತಿ ಕೊಟ್ಟೆ. ತಿಂಗಳಿಗೆ ಒಂದು ಡಬ್ಬಿ ಮುಗಿಸುವವನಿಗೆ ಅದು ಸಣ್ಣ ಹಣವಲ್ಲ. ಯಾವುದೇ ಕೊಳ್ಳಿ, ಮಳೆಗಾಲದಲ್ಲಿ ಡಬ್ಬಿಯನ್ನು ಬಿಗಿ ಮುಚ್ಚಳದ ಬಾಟಲಿಯೊಳಗಿಡಿ. ನಮ್ಮ ಕಡೆಯ ಜುಲೈ ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ. ಹೊಡೆದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ.

ಉಳಿದಿದ್ದ ಮುನ್ನೂರು ಚಿಲ್ಲರೆ ಭಾರದ ಪೆಲೆಟ್ಟನ್ನು ಹಾಸನಕ್ಕೆ ತೆಗೆದುಕೊಂಡು ಹೋಗಿ ಆ ಗೆಳೆಯರಿಗೇ ಕೊಟ್ಟೆ. ಅವರದು ಸಿಲಿಂಡರಿನಲ್ಲಿ ಗಾಳಿ ತುಂಬಿಡುವ ಪಿಸಿಪಿ. ಸ್ಪ್ರಿಂಗ್ ಇಲ್ಲ, ಒದೆತ ಇಲ್ಲ, ಪೆಲೆಟ್ಟನ್ನು ಬೋಲ್ಟ್ ತಾನೇ ಒಳಗೆ ತಳ್ಳುತ್ತದೆ. ನನ್ನ ಕಣ್ಣೆದುರೇ 35 ಮೀಟರಿನಲ್ಲಿ ಐದನ್ನು 2 ಸೆಂಟಿಮೀಟರಿನೊಳಗೆ ಹಾಕಿದರು. ಅವರು ಹೇಳಿದ್ದು ಅವರ ಗನ್‌ಗೆ ನಿಜವೇ ಆಗಿತ್ತು. ವಾಪಸ್ ಬರುವ ಮುಂಚೆ 8.44ರ ಎರಡು ಡಬ್ಬಿ ತರಿಸಲು ಹೇಳಿ ಬಂದೆ.