ಸ್ಯಾಮ್, ಸೋಲ್‌ಟ್ರೇಸ್, ಓಪನ್‌ಮಾಡೆಲಿಕಾ: ಒಂದೇ ಸೌರ ಗೋಪುರ, ಮೂರು ಲೆಕ್ಕ

ಸೌರ ಉಷ್ಣ ಸ್ಥಾವರದ ಸಿಮ್ಯುಲೇಶನ್‌ಗೆ ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಒಂದೇ: ನಿಮಗೆ ಬೇಕಿರುವುದು ವರ್ಷದ ಲೆಕ್ಕವೋ, ನಿಮಿಷದ ಲೆಕ್ಕವೋ? ಒಂದು ಕಾಲ್ಪನಿಕ ಗೋಪುರ ಸ್ಥಾವರವನ್ನು ಸ್ಯಾಮ್, ಸೋಲ್‌ಟ್ರೇಸ್, ಓಪನ್‌ಮಾಡೆಲಿಕಾ ಎಂಬ ಮೂರು ತಂತ್ರಾಂಶಗಳಲ್ಲೂ ಓಡಿಸಿ ನೋಡಿದ್ದೇನೆ. ಸುತ್ತಲೂ ಸೂರ್ಯನ ಜಾಡು ಹಿಡಿದು ತಿರುಗುವ ಹೀಲಿಯೊಸ್ಟಾಟ್ ಕನ್ನಡಿಗಳು, ಗೋಪುರದ ತುದಿಯಲ್ಲಿ ಅವುಗಳ ಬೆಳಕನ್ನು ಹೀರಿ ಕಾಯುವ ಕೊಳವೆಗಳ ರಿಸೀವರ್, ಅದರೊಳಗೆ 290ರಿಂದ 565 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ಕರಗಿದ ಉಪ್ಪು.

ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರೂಪುಗೊಂಡ ಸ್ಯಾಮ್ ಉಚಿತ, ಕಲಿಯಲೂ ಸುಲಭ. ಹವಾಮಾನದ ಕಡತ ಕೊಟ್ಟರೆ ವರ್ಷದ 8,760 ಗಂಟೆಗಳ ವಿದ್ಯುತ್ ಉತ್ಪಾದನೆಯನ್ನೂ ಯೂನಿಟ್‌ನ ವೆಚ್ಚವನ್ನೂ ಮುಂದಿಡುತ್ತದೆ. ಶಾಖ ಕೂಡಿಡುವ ಉಪ್ಪಿನ ತೊಟ್ಟಿ ಆರು ಗಂಟೆಯ ಉತ್ಪಾದನೆಗೆ ಸಾಲುವಷ್ಟಿರಲೋ ಹನ್ನೆರಡು ಗಂಟೆಯದಕ್ಕೋ ಎಂಬ ಚರ್ಚೆಗೆ ಇಷ್ಟು ಸಾಕು. ಆದರೆ ಗಂಟೆಯ ಕಡತದಲ್ಲಿ ನಡುವೆ ಬಂದುಹೋದ ಮೋಡ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಸೋಲ್‌ಟ್ರೇಸ್‌ಗೆ ಬೆಳಕಿನ ಹೊರತು ಬೇರೇನೂ ಬೇಡ. ಸೂರ್ಯ ಬಿಂದುವಲ್ಲ, ಕನ್ನಡಿಯ ಮೈ ನುಣುಪೂ ಪರಿಪೂರ್ಣವಲ್ಲ; ಇವೆರಡನ್ನೂ ಗಣಿಸಿ ಲಕ್ಷಾಂತರ ಕಿರಣಗಳನ್ನು ಯಾದೃಚ್ಛಿಕವಾಗಿ ಹಾಯಿಸಿ, ರಿಸೀವರ್ ಮೇಲೆ ಶಾಖ ಎಲ್ಲಿ ಎಷ್ಟು ಬೀಳುತ್ತದೆಂದು ತೋರಿಸುತ್ತದೆ. ಎಲ್ಲ ಕನ್ನಡಿಗಳೂ ನಡುಮಧ್ಯಕ್ಕೇ ಗುರಿಯಿಟ್ಟರೆ ಅಲ್ಲಿನ ಕೊಳವೆಗಳು ಬೇಯುತ್ತವೆ. ಗುರಿಯನ್ನು ಮೇಲೆ ಕೆಳಗೆ ಹರಡಿದರೆ ಶಾಖದ ಶಿಖರ ತಗ್ಗುತ್ತದೆ, ಆದರೆ ಅಂಚಿನಾಚೆ ಚೆಲ್ಲಿಹೋಗುವ ಬೆಳಕು ಹೆಚ್ಚುತ್ತದೆ. ಈ ಕೊಡುಕೊಳ್ಳುವಿಕೆಯನ್ನು ಇಷ್ಟು ನಿಚ್ಚಳವಾಗಿ ಉಳಿದೆರಡರಲ್ಲಿ ನಾನು ಕಾಣಲಿಲ್ಲ. ಯಾದೃಚ್ಛಿಕತೆಯಿಂದ ಲೆಕ್ಕದಲ್ಲಿ ಉಳಿಯುವ ದೋಷ ಅರ್ಧಕ್ಕಿಳಿಯಬೇಕಾದರೆ ಕಿರಣಗಳು ನಾಲ್ಕು ಪಟ್ಟಾಗಬೇಕು. ಹಾಗಾಗಿ ಕನ್ನಡಿಗಳ ವಿನ್ಯಾಸ ಹುಡುಕಲು ಇದು ನಿಧಾನ. ಆ ಕೆಲಸಕ್ಕೆ ಸೂತ್ರಗಳಿಂದಲೇ ಲೆಕ್ಕ ಹಾಕುವ, ಸ್ಯಾಮ್ ಒಳಗೂ ಇರುವ ಸೋಲಾರ್‌ಪೈಲಟ್ ಎಂಬ ತಂತ್ರಾಂಶ ವಾಸಿ.

ಓಪನ್‌ಮಾಡೆಲಿಕಾ ತಾಳ್ಮೆ ಬೇಡುತ್ತದೆ. ಪಂಪು, ಕೊಳವೆ, ತೊಟ್ಟಿಗಳ ಸಮೀಕರಣಗಳನ್ನು ಬರೆದು ಜೋಡಿಸಬೇಕು. ಆರಂಭಿಕ ಮೌಲ್ಯಗಳು ಹೊಂದದಿದ್ದರೆ ಲೆಕ್ಕ ಶುರುವೇ ಆಗುವುದಿಲ್ಲ, ದೋಷಸಂದೇಶಗಳೋ ಒಗಟಿನಂತಿರುತ್ತವೆ. ಹಾಗಿದ್ದರೂ ಸ್ಥಾವರ ನಡೆಸುವವರ ನಿಜವಾದ ತಲೆನೋವಿಗೆ ಉತ್ತರ ಸಿಗುವುದು ಇಲ್ಲೇ. ಮೋಡ ಬಂತೆಂದು ನಿಯಂತ್ರಕ ಉಪ್ಪಿನ ಹರಿವನ್ನು ತಗ್ಗಿಸುತ್ತದೆ. ಮೋಡ ಸರಿದೊಡನೆ ಪೂರ್ಣ ಬಿಸಿಲು ಬಿದ್ದಾಗ ಹರಿವು ಇನ್ನೂ ಕಡಿಮೆಯೇ ಇದ್ದು ಕೊಳವೆಯ ಗೋಡೆ ಮಿತಿಮೀರಿ ಕಾಯುತ್ತದೆ. ಮೋಡವಿಲ್ಲದ ಪೂರ್ಣ ಬಿಸಿಲಿಗೆ ಬೇಕಾದಷ್ಟು ಹರಿವನ್ನು ಮೋಡದಲ್ಲೂ ಉಳಿಸಿಕೊಂಡರೆ ಕೊಳವೆ ಕ್ಷೇಮ, ಆದರೆ ಬಿಸಿ ತೊಟ್ಟಿಗೆ ತಣ್ಣನೆಯ ಉಪ್ಪು ಸೇರುತ್ತದೆ. ಎಷ್ಟು ತಣ್ಣಗೆ, ಎಷ್ಟು ಹೊತ್ತು ಎಂಬುದನ್ನು ಸೆಕೆಂಡುಗಳ ಲೆಕ್ಕದಲ್ಲಿ ನೋಡಬಹುದು.

ಹೊಸಬರು ಸ್ಯಾಮ್‌ನಿಂದಲೇ ಆರಂಭಿಸಲಿ. ಕೊಳವೆ ಏಕೆ ಬಿರಿಯಿತು ಎಂದು ಹುಡುಕುವವರಿಗೆ ನನ್ನ ಆಯ್ಕೆ ಉಳಿದೆರಡರ ಜೋಡಿ: ಸೂರ್ಯನ ಬೇರೆ ಬೇರೆ ಸ್ಥಾನಗಳಿಗೆ ಸೋಲ್‌ಟ್ರೇಸ್ ಕೊಡುವ ಶಾಖದ ನಕ್ಷೆಗಳನ್ನು ಕೋಷ್ಟಕವಾಗಿಸಿ ಓಪನ್‌ಮಾಡೆಲಿಕಾದ ರಿಸೀವರ್‌ಗೆ ಉಣಿಸುವುದು. ಆ ಕೋಷ್ಟಕವನ್ನು ನೀವೇ ಕುಳಿತು ತಯಾರಿಸಬೇಕು, ಬೇಸರದ ಕೆಲಸ.